ಲೈನ್ ಸಿಕ್ಕಿದ ಮೇಲೆ

ಹೊಳೆನರಸೀಪುರದಲ್ಲಿ ಹೇಮಾವತಿ ಸೇತುವೆಗೆ ಹತ್ತಿರದ ಒಂದು ಮನೆ. ಭಾನುವಾರ ಮಧ್ಯಾಹ್ನ, ಊಟವಾಗಿದೆ, ಜಗಲಿಯ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬರು ದೂರವಾಣಿ ಇಲಾಖೆಗೆ ಆಪರೇಟರ್ ಆಗಿ ಸೇರಿ, 2020ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್.ನಿಂದ ಸ್ವಯಂ ನಿವೃತ್ತಿ ಪಡೆದ ದೊಡ್ಡಮ್ಮ. ಇನ್ನೊಬ್ಬಳು ಅವರ ತಂಗಿಯ ಮಗಳು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆಯವಳು, ಬೆಂಗಳೂರಿನ ಒಂದು ಕಂಪನಿಯ ಸೈಬರ್ ಭದ್ರತಾ ತಂಡದಲ್ಲಿ ಆರು ವರ್ಷದಿಂದ ಕೆಲಸ. ಚನ್ನರಾಯಪಟ್ಟಣದಲ್ಲಿರುವ ದೊಡ್ಡಮ್ಮನ ತಮ್ಮನ ಮಗನ ವಿಷಯಕ್ಕೆ ಮಾತು ಬಂದಿದೆ.

ದೊಡ್ಡಮ್ಮ: ಅವನು ನಿನ್ನೆ ಫೋನ್ ಮಾಡಿದ್ದ ಕಣೇ. ಇಂಜಿನಿಯರಿಂಗ್ ಕೊನೇ ವರ್ಷ ಅಲ್ವಾ. ಬೆಂಗಳೂರಲ್ಲಿ ಯಾವುದೋ ಕೋರ್ಸಂತೆ, ಸೈಬರ್ ಸೆಕ್ಯುರಿಟಿದು, ಆರು ತಿಂಗಳು, ಒಂದು ಲಕ್ಷದ ನಲವತ್ತು ಸಾವಿರ. ಮುಗಿಸಿದ್ರೆ ಕೆಲಸ ಗ್ಯಾರಂಟಿ ಅಂದಿದ್ದಾರಂತೆ. ಅವರಪ್ಪ ಕೊಬ್ಬರಿ ಮಾರಿದ ದುಡ್ಡನ್ನ ಅದಕ್ಕೇ ಎತ್ತಿಟ್ಟಿದ್ದಾನೆ, ಕಮ್ಮಿ ಬಿದ್ದಿದ್ದನ್ನ ನನ್ನ ಹತ್ತಿರ ಕೇಳ್ದ. ಕೊಡೋದಕ್ಕೆ ನನಗೇನೂ ಬೇಜಾರಿಲ್ಲ. ಆ ಕೆಲಸ ಇರುತ್ತೋ ಇಲ್ವೋ ಅದನ್ನ ಹೇಳು. ಪೇಪರ್ ತೆಗೆದ್ರೆ ಎಲ್ಲಾನೂ ಎ.ಐ. ಮಾಡುತ್ತೆ ಅಂತ ಬರೀತಾರೆ.

ಮಗಳು: ಯಾವ ಕೆಲಸ ಕೊಡಿಸ್ತಾರಂತೆ ದೊಡ್ಡಮ್ಮ?

ದೊಡ್ಡಮ್ಮ: ಕ್ಯಾಲೆಂಡರ್ ಹಿಂದೆ ಬರ್ಕೊಂಡಿದ್ದೀನಿ ನೋಡು. ಸಾಕ್ ಅನಲಿಸ್ಟ್, ಲೆವೆಲ್ ಒನ್.

ಮಗಳು: ನಾನು ಸೇರಿದ್ದೂ ಅದಕ್ಕೇ. ಸಾಕ್ ಅಂದ್ರೆ ಕಂಪ್ಯೂಟರುಗಳ ಭದ್ರತೆ ಕಾಯೋ ಕೇಂದ್ರ. ಕಂಪನಿಯ ಒಂದೊಂದು ಕಂಪ್ಯೂಟರೂ ತಾನು ಮಾಡಿದ್ದನ್ನ ಬರೆದಿಡ್ತಾ ಹೋಗುತ್ತೆ. ಯಾರು ಒಳಗೆ ಬಂದ್ರು, ಯಾವ ಫೈಲ್ ತೆಗೆದ್ರು, ಹೊರಗಿನ ಯಾವ ವಿಳಾಸದ ಜೊತೆ ಮಾತಾಡ್ತು, ಎಲ್ಲ. ಅದನ್ನ ಲಾಗ್ ಅಂತೀವಿ. ಅವೆಲ್ಲ ಒಂದು ಕಡೆ ಬಂದು ಬೀಳುತ್ತವೆ. ಅನುಮಾನ ಬಂದ ಕಡೆ ಸಾಫ್ಟ್‌ವೇರ್ ಒಂದು ಅಲರ್ಟ್ ಎಬ್ಬಿಸುತ್ತೆ. ಅದು ನಿಜವೋ ಸುಳ್ಳೋ ಮೊದಲು ನೋಡೋರು ಲೆವೆಲ್ ಒನ್‌ನವರು. ಸುಳ್ಳಾದ್ರೆ ಮುಚ್ಚೋದು, ಅನುಮಾನ ಉಳಿದ್ರೆ ಲೆವೆಲ್ ಟೂಗೆ ದಾಟಿಸೋದು. ಸೇರಿದ ಹೊಸದರಲ್ಲಿ ಒಂದು ಶಿಫ್ಟಿಗೆ ನೂರು, ನೂರಿಪ್ಪತ್ತು ನೋಡ್ತಿದ್ದೆ. ಮುಕ್ಕಾಲುಪಾಲು ಸುಳ್ಳೇ ಇರ್ತಿತ್ತು.

ದೊಡ್ಡಮ್ಮ: ಟ್ರಂಕ್ ಬೋರ್ಡಿನ ಮುಂದೆ ಕೂತ ಹಾಗೇ. ದೀಪ ಹತ್ತಬೇಕು, ಪ್ಲಗ್ ಹಾಕಬೇಕು, ಟಿಕೆಟ್ ಬರೀಬೇಕು, ಮೂರು ನಿಮಿಷ ಆಯ್ತು ಅಂತ ಹೇಳಬೇಕು, ಮುಂದಿನ ದೀಪ.

ಮಗಳು: ಈಗ ಅದರಲ್ಲಿ ಹೆಚ್ಚುಭಾಗ ಸಾಫ್ಟ್‌ವೇರೇ ಮಾಡುತ್ತೆ. ಯಾರಿಗೋ ಒಂದು ಮೋಸದ ಮೇಲ್ ಬಂತು ಅನ್ನಿ. ಮೊದಲು ನಾನು ಅದರಲ್ಲಿನ ಲಿಂಕ್ ತೆಗೆದು ನಾಲ್ಕು ಕಡೆ ಪರೀಕ್ಷೆ ಮಾಡಿ, ಅದೇ ಮೇಲ್ ಇನ್ಯಾರಿಗೆ ಹೋಗಿದೆ ಅಂತ ಹುಡುಕಿ, ಅವರೆಲ್ಲರ ಇನ್‌ಬಾಕ್ಸಿಂದ ತೆಗೆಸಿ, ಕ್ಲಿಕ್ ಮಾಡಿದವರ ಪಾಸ್‌ವರ್ಡ್ ಬದಲಾಯಿಸೋ ಹೊತ್ತಿಗೆ ಮುಕ್ಕಾಲು ಗಂಟೆ ಆಗ್ತಿತ್ತು. ಈಗ ಎರಡು ನಿಮಿಷ. ಯಾವ ಅಲರ್ಟಿಗೆ ಯಾವ ಹೆಜ್ಜೆ ಅಂತ ಪ್ಲೇಬುಕ್ ಬರೆದಿಟ್ಟಿರ್ತೀವಿ, ಯಂತ್ರ ಅದರ ಪ್ರಕಾರ ನಡೆಸಿಕೊಂಡು ಹೋಗುತ್ತೆ. ಈಚೆಗೆ ಎ.ಐ. ಬಂದು ಆದದ್ದರ ಸಾರಾಂಶಾನೂ ಬರೆದು ಮುಂದಿಡುತ್ತೆ. ನಾನು ಸೇರಿದಾಗ ನಮ್ಮ ಶಿಫ್ಟಲ್ಲಿ ಲೆವೆಲ್ ಒನ್‌ನವರು ಎಂಟು ಜನ ಇದ್ವಿ. ಈಗ ಮೂವರು.

ದೊಡ್ಡಮ್ಮ: ಉಳಿದ ಐವರು?

ಮಗಳು: ಯಾರನ್ನೂ ಕೆಲಸದಿಂದ ತೆಗೀಲಿಲ್ಲ. ಇಬ್ಬರು ಪ್ಲೇಬುಕ್ ಬರೆಯೋ ಕಡೆ ಹೋದ್ರು, ನಾನು ಲೆವೆಲ್ ಟೂಗೆ ಬಂದೆ, ಇಬ್ಬರು ಬೇರೆ ಕಂಪನಿ ಸೇರಿದ್ರು. ಆ ಜಾಗಗಳಿಗೆ ಹೊಸಬರನ್ನ ತಗೊಳ್ಳಲಿಲ್ಲ, ಅಷ್ಟೇ.

ದೊಡ್ಡಮ್ಮ: ಆ ಅಷ್ಟೇ ಅನ್ನೋದರಲ್ಲೇ ಎಲ್ಲ ಇರೋದು ಮಗಳೇ. ನಾನು ನೋಡಿದ್ದೀನಿ. 1983ರಲ್ಲಿ ನಾನು ಹಾಸನದಲ್ಲಿ ಟ್ರಂಕ್ ಬೋರ್ಡಿಗೆ ಸೇರಿದಾಗ ಬೆಂಗಳೂರಿಗೆ ಮಾತಾಡಬೇಕಂದ್ರೆ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಸಾವಿನ ಸುದ್ದಿಗೆ ಜನ ಲೈಟ್ನಿಂಗ್ ಹಾಕೋರು. 1986ರಲ್ಲಿ ನಮ್ಮ ರಾಜ್ಯದ ಕಿತ್ತೂರಲ್ಲೇ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಕೂರಿಸಿದ್ರು. 128 ಪೋರ್ಟಿನ ಸಣ್ಣ ಪೆಟ್ಟಿಗೆ, ಏ.ಸಿ. ಕೂಡ ಬೇಡ. ಆಮೇಲೆ ಹಳ್ಳಿ ಹಳ್ಳಿಗೂ ಬಂತು. ಒಳ್ಳೇದೇ ಆಯ್ತು, ನಾನು ಇಲ್ಲ ಅನ್ನಲ್ಲ. ರಾತ್ರಿ ಹನ್ನೆರಡಕ್ಕೆ ಹೆರಿಗೆ ನೋವು ಬಂದ್ರೆ ಆಪರೇಟರ್ ಎದ್ದಿದ್ದಾರಾ ಅಂತ ಯಾರೂ ಯೋಚನೆ ಮಾಡಬೇಕಾಗಿರಲಿಲ್ಲ. ಎಸ್.ಟಿ.ಡಿ. ಬಂದ ಮೇಲೆ ಬೋರ್ಡ್ ಮುಚ್ಚಿದ್ರು. ನಮ್ಮನ್ನ ಮನೆಗೆ ಕಳಿಸಲಿಲ್ಲ. ನನ್ನನ್ನ 198ಕ್ಕೆ ಹಾಕಿದ್ರು, ಕಂಪ್ಲೇಂಟ್ ಬರ್ಕೊಳ್ಳೋಕೆ. ಆದ್ರೆ ನಮ್ಮ ಬೀದೀಲಿ ಮೂರು ಹುಡುಗೀರು ಟೈಪಿಂಗ್ ಕಲಿತು, ಇಂಗ್ಲಿಷ್ ತಿದ್ದಿಕೊಂಡು, ನನ್ನ ಹಾಗೆ ಆಪರೇಟರ್ ಆಗ್ತೀವಿ ಅಂತ ಕಾಯ್ತಿದ್ರು. ಅವರಲ್ಲಿ ಒಬ್ಬಳಿಗೂ ಆಗಲಿಲ್ಲ. ಒಳಗಿದ್ದ ನಮಗೆ ಏನೂ ಆಗಲಿಲ್ಲ, ಬಾಗಿಲಲ್ಲಿ ನಿಂತಿದ್ದವರಿಗೆ ಬಾಗಿಲು ಹಾಕಿಕೊಳ್ತು. ಅದಕ್ಕೇ ಕೇಳ್ತಿರೋದು. ನಿನ್ನ ಕೆಲಸದ ಚಿಂತೆ ನನಗಿಲ್ಲ. ಅವನು ಬಾಗಿಲಲ್ಲಿದ್ದಾನೆ.

ಮಗಳು: ನೀವು ಕೇಳಿದ್ದು ಸರಿ. ಆದ್ರೆ ಯಂತ್ರ ಬೇಡ ಅನ್ನೋ ಕಾಲ ಕಳೆದುಹೋಗಿದೆ. ಆಸ್ತಿ ನೋಂದಣಿಯ ಕಾವೇರಿ 2.0 ಮೇಲೆ ಆದ ದಾಳಿ ನೆನಪಿದೆಯಾ?

ದೊಡ್ಡಮ್ಮ: ಪೇಪರಲ್ಲಿ ಓದಿದ್ದೆ. 2025ರ ಜನವರಿ. ರಾಜ್ಯದಲ್ಲೆಲ್ಲ ಆಸ್ತಿ ನೋಂದಣಿ ಕುಂಟಿತ್ತು.

ಮಗಳು: ಹ್ಞೂಂ. ನಕಲಿ ಖಾತೆ ತೆರೆದು, ಋಣಭಾರ ಪತ್ರ, ಅಂದ್ರೆ ಇ.ಸಿ., ಹುಡುಕೋ ಜಾಗದಲ್ಲಿ ಸುಳ್ಳು ಕೋರಿಕೆಗಳನ್ನ ಸುರಿದಿದ್ರು. 62 ಇ-ಮೇಲ್ ಖಾತೆ, 14 ಐ.ಪಿ. ವಿಳಾಸ, ಎರಡು ಗಂಟೆಯಲ್ಲಿ 6.2 ಲಕ್ಷ ಕೋರಿಕೆ. ಲೆಕ್ಕ ಹಾಕಿದ್ರೆ ಸೆಕೆಂಡಿಗೆ ಎಂಬತ್ತಾರು. ಅದನ್ನ ಕಳಿಸಿದ್ದೂ ಯಂತ್ರ. ಅದರ ಎದುರಿಗೆ ಎಂಟು ಜನ ಅಲ್ಲ, ಎಂಟು ನೂರು ಜನ ಕೂತರೂ ಕಣ್ಣಲ್ಲಿ ನೋಡಿ ಬೇರೆ ಮಾಡೋಕಾಗಲ್ಲ. ಸೊಳ್ಳೆಯನ್ನ ಒಂದೊಂದಾಗಿ ಹಿಡಿಯೋಕೆ ಕೂತ ಹಾಗಾಗುತ್ತೆ. ಅಂಥ ಕಡೆ ಯಂತ್ರ ಇರಲೇಬೇಕು.

ದೊಡ್ಡಮ್ಮ: ಹಾಗಾದ್ರೆ ಮನುಷ್ಯರಿಗೆ ಉಳಿದಿದ್ದೇನು?

ಮಗಳು: ಅದೇ ಕಾವೇರೀದು ಇನ್ನೊಂದು ಇದೆ ನೋಡಿ. 2023ರಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ ದುಡ್ಡು ಹೋಯ್ತು. ಒ.ಟಿ.ಪಿ. ಬರಲಿಲ್ಲ, ಯಾವ ಲಿಂಕೂ ಒತ್ತಿರಲಿಲ್ಲ. ಕಳ್ಳರು ನೋಂದಣಿ ಪತ್ರದ ಪ್ರತಿ ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನ ನಕಲು ಮಾಡಿ, ಆಧಾರ್ ಬೆರಳಚ್ಚಿನಿಂದ ಹಣ ತೆಗೆಯೋ ವ್ಯವಸ್ಥೆ ಇದೆಯಲ್ಲ, ಅಲ್ಲಿಗೆ ಒತ್ತಿದ್ರು. ಆಮೇಲೆ ಸರ್ಕಾರ ಪತ್ರಗಳಲ್ಲಿ ಬೆರಳಚ್ಚು ಕಾಣದ ಹಾಗೆ ಮುಚ್ಚಿಸಿತು. ಅಲ್ಲಿ ಯಾವ ಅಲರ್ಟ್ ಏಳಬೇಕಿತ್ತು ಹೇಳಿ? ಪತ್ರ ಇಳಿಸಿಕೊಂಡಿದ್ದು ತಪ್ಪಲ್ಲ, ಎಲ್ಲರೂ ಇಳಿಸಿಕೊಳ್ತಾರೆ. ಬ್ಯಾಂಕಿನ ಕಡೆ ಬೆರಳೂ ಹೊಂದಿತು. ಎರಡು ಇಲಾಖೆ, ಎರಡರಲ್ಲೂ ಎಲ್ಲ ಸರಿ. ಈ ಪತ್ರವನ್ನ ಕಳ್ಳನ ಕಣ್ಣಲ್ಲಿ ನೋಡಿದ್ರೆ ಏನು ಕಾಣುತ್ತೆ ಅಂತ ಕೂತು ಯೋಚಿಸೋ ಒಬ್ಬರು ಮೊದಲೇ ಇರಬೇಕಿತ್ತು. ಆ ಕೆಲಸಕ್ಕೆ ಜನ ಬೇಕು, ಸಿಗ್ತಿಲ್ಲ.

ದೊಡ್ಡಮ್ಮ: ಅದು ಅನುಭವಸ್ಥರ ಕೆಲಸ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಯಾರು ಕೊಡ್ತಾರೆ?

ಮಗಳು: ಕೊಡಲ್ಲ. ಗಂಟು ಅಲ್ಲೇ ಇರೋದು. ನಮ್ಮಪ್ಪ ಬ್ಯಾರನ್ ಕಾಯೋದನ್ನ ನೀವು ನೋಡಿದ್ದೀರಲ್ಲ?

ದೊಡ್ಡಮ್ಮ: ಹೊಗೆಸೊಪ್ಪು ಬೇಯಿಸೋದಾ? ನೋಡದೆ ಏನು. ಐದಾರು ದಿನ, ರಾತ್ರಿ ನಿದ್ದೆ ಇಲ್ಲ.

ಮಗಳು: ಒಳಗೆ ಥರ್ಮಾಮೀಟರ್ ತೂಗುಹಾಕಿರ್ತಾರೆ. ಎಷ್ಟು ಕಾವು ಅಂತ ಅದು ಹೇಳುತ್ತೆ. ಆದರೂ ಅಪ್ಪ ಕಿಂಡೀಲಿ ನೋಡ್ತಾರೆ, ಸೊಪ್ಪಿನ ಬಣ್ಣ ನೋಡ್ತಾರೆ, ಆಮೇಲೆ ಸೌದೆ ಎಳೀತಾರೆ ಇಲ್ಲ ಒಡ್ಡುತ್ತಾರೆ. ಆ ವರ್ಷ ಮಳೆ ಹೆಚ್ಚಾಗಿ ಸೊಪ್ಪು ನೀರು ಕುಡಿದಿದ್ರೆ ಕಾವಿನ ಲೆಕ್ಕವೇ ಬೇರೆ. ಅದನ್ನ ಅವರು ಯಾವ ಪುಸ್ತಕದಲ್ಲೂ ಓದಲಿಲ್ಲ. ತಾತನ ಜೊತೆ ಹುಡುಗನಾಗಿದ್ದಾಗಿಂದ ರಾತ್ರಿ ಕೂತು ಕೂತು ಬಂತು. ನನಗೂ ಹಾಗೇ. ಒಂದು ಶಿಫ್ಟಿಗೆ ನೂರು ಅಲರ್ಟ್, ಮುಕ್ಕಾಲುಪಾಲು ಸುಳ್ಳು ಅಂದೆನಲ್ಲ, ಆಗ ಬೈಕೊಳ್ತಿದ್ದೆ. ಈಗ ಗೊತ್ತಾಗುತ್ತೆ, ಕಲಿತದ್ದೇ ಅಲ್ಲಿ. ಅಷ್ಟು ಸುಳ್ಳನ್ನ ನೋಡಿದ್ದಕ್ಕೇ ನಿಜ ಬಂದಾಗ ಮುಖ ಗುರುತು ಸಿಕ್ತು. ಯಂತ್ರ ಈಗ ಆ ಸುಳ್ಳುಗಳನ್ನೆಲ್ಲ ತಿಂದು ಹಾಕುತ್ತೆ. ಕಂಪನಿಗೆ ಖರ್ಚು ಉಳೀತು. ಹೊಸ ಹುಡುಗ ಎಲ್ಲಿ ಕೂತು ಕಲೀಬೇಕು? ಹತ್ತು ವರ್ಷ ಬಿಟ್ಟು ನಾವು ಮೇಲಿನವರು ಹೋದ ಮೇಲೆ ಯಾರಿರ್ತಾರೆ? ಇದನ್ನ ನಮ್ಮ ಮ್ಯಾನೇಜರಿಗೆ ಹೇಳಿದೆ. ಅಲರ್ಟಲ್ಲಿ ಹತ್ತರಲ್ಲಿ ಒಂದು ಪಾಲನ್ನ ಹೊಸಬರ ಕೈಗೆ ಬಿಡೋಣ, ಅವರು ಏನು ತೀರ್ಮಾನ ಮಾಡಿದ್ರು, ಯಂತ್ರ ಏನು ಮಾಡಿತು, ಎರಡನ್ನೂ ಸಂಜೆ ಪಕ್ಕ ಪಕ್ಕ ಇಟ್ಟು ನೋಡೋಣ ಅಂತ. ಬಜೆಟ್ ಇಲ್ಲ ಅಂದ್ರು. ಮತ್ತೆ ಕೇಳ್ತೀನಿ. ಬಿಡೋದಿಲ್ಲ.

ದೊಡ್ಡಮ್ಮ: ಕೇಳು. ನಮ್ಮ ಇಲಾಖೇಲಿ ಹೊಸಬರನ್ನ ಮೊದಲು ಹಳಬರ ಪಕ್ಕ ಕೂರಿಸೋರು. ಇನ್ನೊಂದು ಹೆಡ್‌ಸೆಟ್ ಹಾಕ್ಕೊಂಡು ಸುಮ್ಮನೆ ಕೇಳಬೇಕು. ದನಿ ಕೇಳಿದ ಕೂಡಲೇ ಇದು ನಿಜವಾದ ಅರ್ಜೆಂಟು, ಇದು ವ್ಯಾಪಾರದ ಅವಸರ ಅಂತ ಗೊತ್ತಾಗೋ ಹಾಗೆ ಆಗ್ತಿತ್ತು. ಸರಿ, ಯಂತ್ರ ತಪ್ಪು ಮಾಡೋದೇ ಇಲ್ವಾ?

ಮಗಳು: ಮಾಡುತ್ತೆ, ಅದೂ ಅಷ್ಟೇ ವೇಗದಲ್ಲಿ. ಒಂದು ಸಲ ತಿಂಗಳ ಕೊನೆ ದಿನ, ಒಂದು ಗ್ರಾಹಕ ಸಂಸ್ಥೆಯ ಸರ್ವರಿನಲ್ಲಿ ಸಾವಿರಾರು ಫೈಲು ಒಟ್ಟಿಗೆ ಬದಲಾಗ್ತಿರೋದು ಕಾಣ್ತು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ರ‍್ಯಾನ್ಸಮ್‌ವೇರ್ ಮಾಡೋದೂ ಹಾಗೇ. ಯಂತ್ರ ತಕ್ಷಣ ಆ ಸರ್ವರನ್ನ ನೆಟ್‌ವರ್ಕಿಂದ ಕಿತ್ತುಹಾಕ್ತು. ಆಗ್ತಿದ್ದಿದ್ದು ಸಂಬಳದ ಲೆಕ್ಕ! ಇವತ್ತು ತಾರೀಖು ಎಷ್ಟು ಅಂತ ಪ್ಲೇಬುಕ್ಕಿಗೆ ಯಾರೂ ಹೇಳಿರಲಿಲ್ಲ. ಎರಡು ದಿನ ತಡವಾಗಿ ಸಂಬಳ ಆಯ್ತು. ಲೋಕಕ್ಕೆಲ್ಲ ಗೊತ್ತಿರೋದು ಅಂದ್ರೆ 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿಯ ಒಂದು ದೋಷದ ಅಪ್‌ಡೇಟ್ ತಾನಾಗಿ ಹೋಗಿ ಕೂತು 85 ಲಕ್ಷ ವಿಂಡೋಸ್ ಕಂಪ್ಯೂಟರ್ ಕೆಟ್ಟು ನಿಂತವು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನ ಕೈಯಲ್ಲಿ ಬರೆದುಕೊಟ್ರು. ಎಷ್ಟೋ ಕಡೆ ಸರಿ ಮಾಡೋಕೆ ಮನುಷ್ಯರೇ ಒಂದೊಂದು ಕಂಪ್ಯೂಟರಿನ ಮುಂದೆ ಹೋಗಿ ಕೂರಬೇಕಾಯ್ತು.

ದೊಡ್ಡಮ್ಮ: ಯಂತ್ರದ ಕೈಗೆ ಕೊಡಬಾರದು ಅನ್ನಿಸಲ್ವಾ ಆಗ?

ಮಗಳು: ಅನ್ನಿಸುತ್ತೆ. ಅದರ ಉಲ್ಟಾ ಆಗಿದ್ದೂ ಇದೆ, ಅದರಲ್ಲಿ ನಮ್ಮ ಬೆಂಗಳೂರೂ ಇದೆ. ನಾನು ಹೊಸಬರಿಗೆಲ್ಲ ಮೊದಲ ದಿನ ಹೇಳೋ ಕತೆ ಅದು. 2013. ಅಮೆರಿಕದ ಟಾರ್ಗೆಟ್ ಅನ್ನೋ ದೊಡ್ಡ ಅಂಗಡಿ ಸರಣಿ. ಹಬ್ಬದ ವ್ಯಾಪಾರದ ಕಾಲ. ಏ.ಸಿ. ಕೆಲಸ ನೋಡಿಕೊಳ್ತಿದ್ದ ಒಂದು ಸಣ್ಣ ಗುತ್ತಿಗೆ ಕಂಪನಿಯ ಪಾಸ್‌ವರ್ಡ್ ಕದ್ದು ಕಳ್ಳರು ಒಳಗೆ ಬಂದಿದ್ರು, ಬಿಲ್ಲಿನ ಕೌಂಟರುಗಳವರೆಗೆ ಹೋಗಿದ್ರು. ಟಾರ್ಗೆಟ್‌ನವರು ಹಾಕಿಸಿದ್ದ ಹೊಸ ಸಾಧನ, ಫೈರ್‌ಐ ಅಂತ, ನವೆಂಬರ್ 30ರಂದು ಅಲರ್ಟ್ ಕೊಡ್ತು. ಬೆಂಗಳೂರಲ್ಲಿದ್ದ ಅವರದೇ ತಂಡ ಅದನ್ನ ನೋಡ್ತು, ಮಿನಿಯಾಪೊಲಿಸ್‌ನ ಮುಖ್ಯ ತಂಡಕ್ಕೆ ತಿಳಿಸ್ತು. ಅಲ್ಲಿ ಯಾರೂ ಏನೂ ಮಾಡಲಿಲ್ಲ. ಆ ಸಾಧನಕ್ಕೆ ವೈರಸ್ಸನ್ನ ತಾನೇ ಅಳಿಸಿಹಾಕೋ ಶಕ್ತಿ ಇತ್ತು. ಅದನ್ನ ಆಫ್ ಮಾಡಿಟ್ಟಿದ್ರು, ಕೊನೇ ತೀರ್ಮಾನ ಮನುಷ್ಯರದ್ದೇ ಇರಲಿ ಅಂತ. ಮುಂದಿನ ವರ್ಷ ಪತ್ರಿಕೆಗಳು ಇದನ್ನೆಲ್ಲ ಬಯಲು ಮಾಡಿದ್ವು. 4 ಕೋಟಿ ಕಾರ್ಡುಗಳ ವಿವರ ಹೋಯ್ತು, 7 ಕೋಟಿ ಗ್ರಾಹಕರ ಮಾಹಿತಿ ಹೋಯ್ತು.

ದೊಡ್ಡಮ್ಮ: ಬೆಂಗಳೂರಿನವರು ಸರಿಯಾಗೇ ನೋಡಿದ್ರು ಅನ್ನು.

ಮಗಳು: ಸರಿಯಾಗಿ ನೋಡಿದ್ರು, ಸರಿಯಾಗಿ ದಾಟಿಸಿದ್ರು.

ದೊಡ್ಡಮ್ಮ: ದಾಟಿಸಿದ್ರು. (ಸ್ವಲ್ಪ ಹೊತ್ತು ಸುಮ್ಮನಿದ್ದು) ಪ್ಲಗ್ ಹಾಕಿ ಆ ಕಡೆ ಗಂಟೆ ಹೊಡೆದ ಮೇಲೆ ನಾವು ಕೀ ಒತ್ತಿಕೊಂಡು ಒಂದು ಕ್ಷಣ ಕೇಳಿಸಿಕೊಳ್ತಿದ್ವಿ. ಕದ್ದು ಕೇಳೋಕಲ್ಲ. ಎರಡು ಕಡೆಯ ಮಾತೂ ಶುರುವಾಯ್ತಾ ಅಂತ. ಶುರುವಾಗಿದ್ದು ಕಿವಿಗೆ ಬಿದ್ದ ಮೇಲೇ ಟಿಕೆಟ್ ಮೇಲೆ ಟೈಮ್ ಹಾಕೋದು. ಲೈನ್ ಸಿಕ್ಕಿತು ಅಂದ್ರೆ ಕಾಲ್ ಆಯ್ತು ಅಂತ ಅಲ್ಲ. ಒಂದ್ಸಲ ಕೊಣನೂರಿಂದ ಒಬ್ಬರು, ಮಗ ಆಸ್ಪತ್ರೇಲಿ ಅಂತ ಬೆಂಗಳೂರಿಗೆ ಹಾಕಿದ್ರು. ಆ ಕಡೆ ಎತ್ತಿದವನು ಅಂಗಡಿಯ ಹುಡುಗ, ಕರೀತೀನಿ ಅಂತ ರಿಸೀವರ್ ಕೆಳಗಿಟ್ಟು ಹೋದ, ಬರಲೇ ಇಲ್ಲ. ನಾನು ಬಿಡಲಿಲ್ಲ. ಪಕ್ಕದ ಅಂಗಡಿಯ ನಂಬರ್ ಡೈರೆಕ್ಟರೀಲಿ ಹುಡುಕಿಸಿ ಅಲ್ಲಿಗೆ ಹಾಕಿ ಕರೆಸಿದೆ. ರೂಲ್ಸ್ ಪ್ರಕಾರ ಅದು ನನ್ನ ಕೆಲಸ ಅಲ್ಲ. ಆದ್ರೆ ಅದೇ ಕೆಲಸ.

ಮಗಳು: ನಮ್ಮ ಹುಡುಗರಿಗೆ ಕಷ್ಟ ಆಗೋದು ಅಲ್ಲೇ ದೊಡ್ಡಮ್ಮ. ಅರಕಲಗೂಡಿಂದ, ಹೊಳೆನರಸೀಪುರದಿಂದ ಬಂದವರು ಕೆಲಸದಲ್ಲಿ ಯಾರಿಗೂ ಕಮ್ಮಿ ಇಲ್ಲ. ರಾತ್ರಿ ಎರಡು ಗಂಟೆಗೆ ಗ್ರಾಹಕ ಕಂಪನಿಯ ದೊಡ್ಡ ಅಧಿಕಾರಿಗೆ ಫೋನ್ ಮಾಡಿ, ಸಾರ್, ಎದ್ದೇಳಿ, ಈ ಸರ್ವರ್ ನಿಲ್ಲಿಸಬೇಕು ಅಂತ ಹೇಳೋಕೆ ಬಾಯಿ ಬರಲ್ಲ. ಇಂಗ್ಲಿಷಿನ ಅಳುಕು ಸ್ವಲ್ಪ, ಸುಳ್ಳಾದ್ರೆ ಏನಂದಾರೋ ಅನ್ನೋ ಹೆದರಿಕೆ ಬಹಳ. ಟಿಕೆಟ್ ಬರೆದು ದಾಟಿಸಿ ಸುಮ್ಮನಾಗ್ತಾರೆ. ನಾನೂ ಹಾಗೇ ಇದ್ದೆ, ಎರಡನೇ ವರ್ಷದವರೆಗೂ. ಒಂದು ರಾತ್ರಿ ಒಬ್ಬ ಅಕೌಂಟೆಂಟ್ ಹೆಸರಲ್ಲಿ ಲಾಗಿನ್ ಆಯ್ತು. ಪಾಸ್‌ವರ್ಡ್ ಸರಿ, ಊರೂ ಸರಿ, ಬೆಂಗಳೂರೇ. ಯಂತ್ರ ಅದಕ್ಕೆ ‘ಕಡಿಮೆ ಅಪಾಯ’ ಅಂತ ಹಸಿರು ಗುರುತು ಹಾಕಿತ್ತು. ಅವರು ಹಿಂದಿನ ದಿನ ಯಾವುದೋ ಕೆಲಸಕ್ಕೆ ಮೇಲ್ ಮಾಡಿ, ನಾಳೆ ತಿರುಪತಿಗೆ ಹೋಗ್ತೀನಿ ಅಂತ ಬರೆದಿದ್ದು ನನಗೆ ನೆನಪಿತ್ತು. ಕೈ ನಡುಗ್ತಿತ್ತು, ಆದರೂ ಫೋನ್ ಮಾಡಿದೆ. ಅವರು ದರ್ಶನದ ಸಾಲಲ್ಲಿ ನಿಂತಿದ್ರು. ಅವರ ಖಾತೆ ಆ ರಾತ್ರಿಯೇ ಮುಚ್ಚಿಸಿದ್ವಿ. ನನ್ನನ್ನ ಲೆವೆಲ್ ಟೂಗೆ ತಂದಿದ್ದು ಆ ಫೋನು, ನಾನು ಬರೆದ ಯಾವ ಸರ್ಟಿಫಿಕೇಟ್ ಪರೀಕ್ಷೆಯೂ ಅಲ್ಲ.

ದೊಡ್ಡಮ್ಮ: ಹಾಗಾದ್ರೆ ಆ ಕೋರ್ಸು?

ಮಗಳು: ಅದರ ಪಾಠಪಟ್ಟಿ ನನಗೆ ಕಳಿಸಿದ್ದ. ನೋಡಿದೆ. ಅಲರ್ಟ್ ಹೇಗೆ ಓದಬೇಕು, ಹೇಗೆ ಮುಚ್ಚಬೇಕು, ಯಾವ ಬಟನ್ ಎಲ್ಲಿದೆ. ಯಂತ್ರ ಈಗಾಗಲೇ ಮಾಡ್ತಿರೋ ಕೆಲಸವನ್ನ ಒಂದು ಲಕ್ಷದ ನಲವತ್ತು ಸಾವಿರಕ್ಕೆ ಕಲಿಸ್ತಿದ್ದಾರೆ. ಕೆಲಸದ ಗ್ಯಾರಂಟಿಯನ್ನ ಯಾವ ಕಂಪನಿ, ಎಷ್ಟು ಸಂಬಳ ಅಂತ ಬರಹದಲ್ಲಿ ಕೊಡಿ ಅಂತ ಕೇಳಲಿ, ಕೊಡಲ್ಲ.

ದೊಡ್ಡಮ್ಮ: ಮತ್ತೆ ಏನು ಕಲೀಬೇಕು? ಮನೇಲಿ ಕೂತು ಕಲಿಯೋಕಾಗುತ್ತಾ?

ಮಗಳು: ಬುಡದಿಂದ ಕಲೀಬೇಕು. ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಮಾತು ಹೇಗೆ ಹೋಗುತ್ತೆ ಅನ್ನೋದು, ಅಂದ್ರೆ ನೆಟ್‌ವರ್ಕಿಂಗ್. ಲಿನಕ್ಸ್. ಪೈಥಾನಲ್ಲಿ ಸಣ್ಣ ಪ್ರೋಗ್ರಾಂ ಬರೆಯೋದು, ಪ್ಲೇಬುಕ್ ಬರೆಯೋ ಕೈ ಅದರಿಂದಲೇ ಬರೋದು. ವೈರ್‌ಶಾರ್ಕ್, ವಾಜೂ ಅನ್ನೋ ಸಾಫ್ಟ್‌ವೇರುಗಳು ಬಿಟ್ಟಿ ಸಿಗುತ್ತವೆ. ಎರಡು ಹಳೇ ಕಂಪ್ಯೂಟರ್ ಇಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ದಾಳಿ ಮಾಡಿ, ಲಾಗಿನಲ್ಲಿ ಏನು ಬಿತ್ತು ಅಂತ ದಿನಾ ಓದಬೇಕು. ಓದಿದ್ದನ್ನ ದಿನಕ್ಕೆ ಅರ್ಧ ಪುಟ ಬರೀಬೇಕು, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಲ್ಲಿ. ಬರವಣಿಗೆ ಬಹಳ ಮುಖ್ಯ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ಲಿನ ಆದೇಶದ ಪ್ರಕಾರ ಸೈಬರ್ ದಾಳಿ ಗೊತ್ತಾದ ಆರು ಗಂಟೆಯೊಳಗೆ ವರದಿ ಕೊಡಬೇಕು, 180 ದಿನದ ಲಾಗ್ ಇಟ್ಟಿರಬೇಕು. ಆರು ಗಂಟೆಯಲ್ಲಿ ಏನಾಯ್ತು ಅಂತ ಸ್ಪಷ್ಟವಾಗಿ ಬರೆದು ಹೆಸರು ಹಾಕೋ ಮನುಷ್ಯ ಬೇಕೇ ಬೇಕು. ಬೆಂಗಳೂರಿನ ಐ.ಟಿ. ಕಂಪನಿಗೆ ಮಾತ್ರ ಅಲ್ಲ. ಹಾಲಿನ ಲೆಕ್ಕ, ಸಹಕಾರಿ ಬ್ಯಾಂಕು, ಆಸ್ಪತ್ರೆ, ಕಾಲೇಜು, ನಮ್ಮ ಜಿಲ್ಲೇಲೂ ಈಗ ಎಲ್ಲ ಕಂಪ್ಯೂಟರಿನ ಮೇಲೇ ನಿಂತಿದೆ.

ದೊಡ್ಡಮ್ಮ: ಇಲ್ಲಿ ಅಂಥ ಕೆಲಸ ಕೊಡ್ತಾರಾ?

ಮಗಳು: ಈಗ ಕಮ್ಮಿ. ಕೊಡಬೇಕು. ಹಾಸನದ ಸಾಲಗಾಮೆ ರಸ್ತೇಲಿ ಎಂ.ಸಿ.ಎಫ್. ಇದೆಯಲ್ಲ. 1982ರಿಂದ ನಮ್ಮ ದೇಶದ ಉಪಗ್ರಹಗಳನ್ನ ಅಲ್ಲಿ ಕೂತೇ ನೋಡಿಕೊಳ್ತಾರೆ, ಹಗಲೂ ರಾತ್ರಿ. ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿರೋದನ್ನ ಕಾಯೋ ಊರಿಗೆ ತನ್ನ ಬ್ಯಾಂಕಿನ ಸರ್ವರ್ ಕಾಯೋ ನಾಲ್ಕು ಜನ ಸಿಗಲ್ಲ ಅಂದ್ರೆ ನಾನು ಒಪ್ಪಲ್ಲ. ಇಲ್ಲಿನ ಮೋಸದ ರೀತಿಯೂ ಇಲ್ಲಿನವರಿಗೇ ಬೇಗ ಗೊತ್ತಾಗೋದು. ಪಿ.ಎಂ. ಕಿಸಾನ್ ಹೆಸರಲ್ಲಿ, ಆರ್.ಟಿ.ಓ. ಚಲನ್ ಹೆಸರಲ್ಲಿ, ಮದುವೆ ಕರೆಯೋಲೆ ಅಂತ ವಾಟ್ಸಾಪಿನಲ್ಲಿ ಎ.ಪಿ.ಕೆ. ಫೈಲ್ ಬರುತ್ತಲ್ಲ, ಅದನ್ನ ಮುಟ್ಟಿದ ರೈತ ಮೊದಲು ಹೋಗೋದು ಮೊಬೈಲ್ ಅಂಗಡಿಗೆ. ಅಲ್ಲೇ ಅರ್ಧ ದಿನ ಹೋಗುತ್ತೆ. ಮೊದಲ ಒಂದು ಗಂಟೆಯಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರೆ ದುಡ್ಡು ತಡೆಯೋ ಅವಕಾಶ ಹೆಚ್ಚು.

ದೊಡ್ಡಮ್ಮ: 1930ಕ್ಕೆ ಮಾಡಿದ್ರೆ ಎತ್ತೋದು ಯಾರು?

ಮಗಳು: ಆಪರೇಟರ್, ದೊಡ್ಡಮ್ಮ. ಮನುಷ್ಯರು.

ದೊಡ್ಡಮ್ಮ: ಹ್ಞೂಂ. (ಎದ್ದು ಫೋನ್ ತೆಗೆದುಕೊಳ್ಳುತ್ತಾರೆ) ನೀನು ಹೊರಡೋದು ಎಷ್ಟಕ್ಕೆ?

ಮಗಳು: ನಾಳೆ ಮಧ್ಯಾಹ್ನ. ರಾತ್ರಿ ಹತ್ತಕ್ಕೆ ಶಿಫ್ಟು.

ದೊಡ್ಡಮ್ಮ: ಹಾಗಾದ್ರೆ ಬೆಳಿಗ್ಗೆ ಅವನನ್ನ ಇಲ್ಲಿಗೇ ಬಾ ಅಂತೀನಿ. ಹಲೋ... ಹ್ಞಾಂ, ನಾನು ಕಣೋ. ಕೇಳಿಸ್ತಿದೆಯಾ? ಆ ಕೋರ್ಸಿಗೆ ದುಡ್ಡು ಕಟ್ಟಬೇಡ. ಅಪ್ಪನಿಗೂ ಹೇಳು, ಕೊಬ್ಬರಿ ದುಡ್ಡು ಬ್ಯಾಂಕಲ್ಲೇ ಇರಲಿ. ಎರಡು ಹಳೇ ಕಂಪ್ಯೂಟರ್ ನಾನು ಕೊಡಿಸ್ತೀನಿ. ಅಕ್ಕ ಇಲ್ಲೇ ಇದ್ದಾಳೆ, ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಟು ಬಾ. ಒಂದು ನೋಟ್ ಬುಕ್ ತಗೊಂಡು ಬಾ.